ಅಲಗು ಇಡುವ ಬಟ್ಟೆ

ಮದುವೆಯಾಗಿ ಸೋಮವಾರಪೇಟೆಗೆ ಬಂದ ಹೊಸತರಲ್ಲಿ ನನಗೆ ಅತ್ತೆಯ ಮೇಲೆ ಸಿಟ್ಟಿರಲಿಲ್ಲ, ಅಲ್ಲಿಯ ಚಳಿಯ ಮೇಲೂ ಅಷ್ಟಾಗಿ ಇರಲಿಲ್ಲ. ನನ್ನ ಸಿಟ್ಟೆಲ್ಲ ಒಂದು ಬಟ್ಟೆಯ ಸುರುಳಿಯ ಮೇಲೆ. ಹಿಂದಿನ ಚಾವಡಿಯಲ್ಲಿ ನನ್ನ ಗಂಡ ಮರ ಕೊಯ್ಯುವ ಜಾಗವಿತ್ತು. ಅಲ್ಲಿಯ ಗೋಡೆಯ ಮೊಳೆಗೆ ಅದು ನೇತಾಡುತ್ತಿತ್ತು. ಬಿಡಿಸಿದರೆ ಅದರ ತುಂಬ ಬೆರಳಗಲದ ಉದ್ದುದ್ದ ಜೇಬುಗಳು, ಒಂದೊಂದು ಜೇಬಿನ ಮೇಲೂ ಬಣ್ಣದ ದಾರದ ಒಂದೊಂದು ಹೂವು. ಇವರು ಗರಗಸದ ಅಲಗುಗಳನ್ನು ಅದರಲ್ಲಿ ಇಡುತ್ತಿದ್ದರು.

"ಇಷ್ಟು ಚಂದಾಗಿ ಯಾರು ಹೊಲಿದಿದ್ದು?" ಎಂದು ಮೊದಲ ದಿನ ನಾನೇ ಬಾಯಿ ಬಿಟ್ಟು ಕೇಳಿದೆ.

"ನಮ್ಮ ಮಾವನ ಮಗಳು ಕಣೆ. ಈ ಗರಗಸ ತಂದಾಗ ಹೊಲ್ದು ಕೊಟ್ಲು," ಅಂದರು, ತಲೆ ಎತ್ತದೆ.

ಮಾವನ ಮಗಳು ಅಂದರೆ ಸೋದರಮಾವನ ಮಗಳು. ನಮ್ಮ ಕಡೆಯಲ್ಲಿ ಅಂಥ ಹುಡುಗಿ ಹುಟ್ಟಿದಾಗಲೇ ಅರ್ಧ ಸೊಸೆ. ಉಳಿದ ಕಥೆಯನ್ನು ಅತ್ತೆ ಅವರೆಕಾಯಿ ಸುಲಿಯುತ್ತ ಹೇಳಿದರು. "ಅವಳೇ ಬರಬೇಕಿತ್ತು ಈ ಮನೆಗೆ. ನಮ್ಮಣ್ಣ ತೋಟ ಇರೋರು ಅಂತ ಅಮ್ಮತ್ತಿ ಕಡೆ ಕೊಟ್ಟುಬಿಟ್ಟ." ಹೇಳಿ, ನನ್ನ ಮುಖ ನೋಡಿ, "ನೀನೇನು ಕಮ್ಮಿ ಅಂತಲ್ಲ" ಎಂದು ಸೇರಿಸಿದರು. ಆ ಮಾತಿನಿಂದ ನನ್ನ ಹೊಟ್ಟೆಕಿಚ್ಚು ಇನ್ನಷ್ಟು ಹತ್ತಿಕೊಂಡಿತು.

ಆಗ ಕೊಡಗು ಮೈಸೂರಿಗೆ ಸೇರಿದ ಹೊಸತು. ಬಿಳಿಯ ದೊರೆಗಳು ಒಬ್ಬೊಬ್ಬರಾಗಿ ಕಾಫಿ ತೋಟ ಮಾರಿ ತಮ್ಮ ದೇಶಕ್ಕೆ ಹೊರಟಿದ್ದರು. ಇವರು ರೈಟರಾಗಿ ಲೆಕ್ಕ ಬರೆಯುತ್ತಿದ್ದ ಎಸ್ಟೇಟಿನ ದೊರೆಯೂ ಹೊರಟಾಗ ಬಂಗಲೆಯ ಸಾಮಾನು ಹರಾಜಿಗೆ ಬಂತಂತೆ. ಊರವರೆಲ್ಲ ಕುರ್ಚಿಗೆ, ಪಿಂಗಾಣಿ ಬಟ್ಟಲಿಗೆ ಮುಗಿಬಿದ್ದರೆ, ನಮ್ಮ ಯಜಮಾನರು ಕಾಲಲ್ಲಿ ತುಳಿಯುವ ಗರಗಸವೊಂದನ್ನು ಹೊತ್ತು ತಂದರು. ನೋಡಲು ಹೊಲಿಗೆ ಮೆಷೀನಿನ ಹಾಗೆ. ಸೂಜಿಯ ಜಾಗದಲ್ಲಿ ದಾರದಷ್ಟು ಸಪೂರ ಅಲಗು ನೆಟ್ಟಗೆ ನಿಂತು ಮೇಲೆ ಕೆಳಗೆ ಓಡುತ್ತದೆ. ಹಲಗೆಯನ್ನು ಅದರ ಸುತ್ತ ತಿರುಗಿಸುತ್ತ ಹೋದರೆ ಬಳ್ಳಿ, ನವಿಲು, ಏನು ಬೇಕಾದರೂ ಬಿಡಿಸಬಹುದು. ಭಾನುವಾರ ಬಂತೆಂದರೆ ಇವರು ಅದರ ಮುಂದೆ ಕೂತು ಫೋಟೋದ ಕಟ್ಟು, ದೀಪದ ಹಲಗೆ ಅಂತ ಏನಾದರೂ ಕೊಯ್ಯುತ್ತಿದ್ದರು.

ಅಲಗುಗಳು ಮೈಸೂರಿನಿಂದ ಬರಬೇಕು. ಯಾರಾದರೂ ಆ ಕಡೆ ಹೊರಟರೆ ಹೇಳಿ ಕಳಿಸುವುದು, ಅವರು ಮರೆತು ಬರುವುದು, ಇವರು ಮುಖ ಊದಿಸುವುದು, ಇದೇ ಆಗಿತ್ತು. ಹಾಗಾಗಿ ಇದ್ದುದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಕೆಂಪು ಹೂವಿನ ಜೇಬಿನಲ್ಲಿ ಹಲಸಿನ ಹಲಗೆ ಕೊಯ್ಯುವ ದಪ್ಪ ಹಲ್ಲಿನವು, ಹಳದಿಯಲ್ಲಿ ಬೀಟೆ ಮರಕ್ಕೆ ಬೇಕಾದವು, ಹಸಿರಿನಲ್ಲಿ ಕೂದಲೆಳೆಯಂಥವು. ಹೀಗೆ ಬಣ್ಣಕ್ಕೊಂದು ಜಾತಿ. ಕೆಲಸ ಮುಗಿದ ಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು, ಒರೆಸಿ, ಅದರದರ ಹೂವಿನೊಳಗೆ ಮಲಗಿಸುತ್ತಿದ್ದರು. ನನ್ನ ಮುಖವನ್ನು ಅವರು ಒಂದು ದಿನವೂ ಅಷ್ಟು ಹೊತ್ತು ನೋಡಿದವರಲ್ಲ.

ಕೊಯ್ಯುವಾಗ ಅಲಗು ಟಕ್ಕೆಂದು ಮುರಿಯುತ್ತಿತ್ತು. "ಹಸಿರು ಹೂವಿಂದ ಒಂದು ಕೊಡೆ" ಎಂದು ಕೂಗುತ್ತಿದ್ದರು. ಅವಳ ಹೂವಿನೊಳಗೆ ನಾನು ಕೈ ಹಾಕಬೇಕು! ನಾನು ಶಿರಂಗಾಲದ ರಾಗಿ ಹೊಲದಲ್ಲಿ ಬೆಳೆದವಳು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯುತ್ತಿತ್ತು. ಅವಳ ಹೊಲಿಗೆಯಲ್ಲಿ ಒಂದಾದರೂ ಹುಳುಕು ಸಿಗಲಿ ಎಂದು ಸುರುಳಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದುಂಟು. ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟು. ಅದನ್ನು ಕಂಡು ಮೈಯೆಲ್ಲ ಉರಿದುಹೋಯಿತು.

ಒಲೆಗೆ ಹಾಕಿಬಿಡೋಣ ಅನ್ನಿಸುತ್ತಿತ್ತು. ಆದರೆ ಸುಟ್ಟರೆ ಅದು ಇವರ ಮನಸ್ಸಿನಲ್ಲಿ ಇನ್ನೂ ಚಂದವಾಗಿ ಉಳಿದುಬಿಡುತ್ತದಲ್ಲ. ಇವರೇ ತಮ್ಮ ಕೈಯಾರೆ ಅದನ್ನು ಆ ಮೊಳೆಯಿಂದ ತೆಗೆಯಬೇಕು, ಆ ಅಲಗುಗಳು ನಾನು ಮಾಡಿಕೊಟ್ಟ ಏನಾದರೊಂದರಲ್ಲಿ ಇರಬೇಕು. ಅದು ನನ್ನ ಹಟ.

ದಾರಿ ತೋರಿಸಿದ್ದು ಇಲ್ಲಿಯ ಆಯುಧಗಳ ಹಬ್ಬ, ಕೈಲ್ ಮುಹೂರ್ತ. ನನ್ನ ತವರಿನಲ್ಲಿ ಮಹಾನವಮಿಗೆ ಒಂದು ದಿನ ಆಯುಧಪೂಜೆ ಮಾಡಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಗದ್ದೆ ನಾಟಿ ಮುಗಿದ ಮೇಲೆ ಕೋವಿ, ಕತ್ತಿ, ನೊಗ ನೇಗಿಲನ್ನೆಲ್ಲ ತೊಳೆದು ದೇವರ ದೀಪದ ಬಳಿ ಇಟ್ಟರೆ, ಹಬ್ಬದ ಪೂಜೆಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಆ ವರ್ಷ ಅತ್ತೆಗೆ ಏನು ತೋಚಿತೋ, "ಇದೂ ಆಯುಧನೇ ತಾನೆ, ಇದಕ್ಕೂ ಪೂಜೆ ಆಗ್ಲಿ" ಎಂದು ಆ ಸುರುಳಿಯನ್ನೂ ತಂದು ಕೋವಿಯ ಪಕ್ಕದಲ್ಲಿ ಇಟ್ಟರು. ಇವರು ತಲೆ ಕೆರೆದುಕೊಂಡರು. ಆದರೆ ತಾಯಿಯ ಎದುರು, ಅದೂ ದೇವರ ದೀಪದ ಎದುರು, ಮಾತಾಡಲಿಲ್ಲ.

ಮಳೆಗಾಲದ ಆ ವಾರಗಳಲ್ಲಿ ಸುರುಳಿ ಅಲ್ಲೇ ತಣ್ಣಗೆ ಕೂತಿತ್ತು. ಹಬ್ಬದ ದಿನ ಅತ್ತೆ ಗಂಧ ತೇಯ್ದು ಕೋವಿಗೆ ಹಚ್ಚಿದರು, ಕತ್ತಿಗೆ ಹಚ್ಚಿದರು. ಆಮೇಲೆ ಸುರುಳಿಯನ್ನು ಬಿಡಿಸಿ, ತಮ್ಮ ಅಣ್ಣನ ಮಗಳ ಹೂವುಗಳಿಗೆ ಒಂದೊಂದಕ್ಕೂ ನೀರುನೀರಾದ ಗಂಧವನ್ನು ಪ್ರೀತಿಯಿಂದ ಇಟ್ಟರು. ನಾನು ಒಳಗೆ ಕಡುಬು ಬೇಯಿಸುತ್ತಿದ್ದೆ.

ಮುಂದಿನ ಭಾನುವಾರ ಇವರು ಹಸಿರು ಹೂವಿನೊಳಗೆ ಕೈ ಹಾಕಿದರೆ ಅಲಗುಗಳೆಲ್ಲ ಒಂದಕ್ಕೊಂದು ಅಂಟಿ, ತುಕ್ಕು ಹಿಡಿದು, ಒಣಗಿದ ಜಡೆಯ ಹಾಗೆ ಹೊರಬಂದವು. ಹಳದಿಯದೂ ಅದೇ ಗತಿ. ದಪ್ಪನವು ಮಾತ್ರ ಕೆಲವು ಉಳಿದವು. ಇವರು ಹಣೆಗೆ ಕೈ ಹಚ್ಚಿ ಕೂತರು. ನನಗೆ ಪಾಪ ಅನ್ನಿಸಿತೇ? ಇಲ್ಲ. ಮನಸ್ಸಿನಲ್ಲೇ ಕುಣಿದಾಡಿದೆ. ಅಷ್ಟು ದಿನ ಹುಡುಕಿದ ಹುಳುಕು ತಾನಾಗಿ ಕಾಲ ಬುಡಕ್ಕೆ ಬಂದು ಬಿದ್ದಿತ್ತು.

"ಬಟ್ಟೆ ಅಂದ್ರೆ ನೀರು ಕುಡಿಯದೆ ಇರುತ್ತಾ? ಈ ಊರಿನ ಥಂಡಿಗೆ ಇಂಥದರಲ್ಲಿ ಯಾರಾದರೂ ಕಬ್ಬಿಣ ಇಡ್ತಾರಾ?" ಅಂದೆ.

ಅತ್ತೆ ಎದ್ದು ಒಳಗೆ ಹೋದರು.

ಮರುದಿನವೇ ನಾನು ಕೆಲಸಕ್ಕೆ ಕೂತೆ. ಹೊಳೆಯ ದಂಡೆಯಿಂದ ವಾಟೆ ಬಿದಿರು ತರಿಸಿದೆ. ಕೆಳಗೆ ಗಿಣ್ಣು ಇರುವಂತೆ, ಮೇಲೆ ಬಾಯಿ ತೆರೆದಿರುವಂತೆ, ಗೇಣುದ್ದದ ಕೊಳವೆಗಳಾಗಿ ಕೊಯ್ದೆ. ಕೊಯ್ದದ್ದು ಇವರ ಗರಗಸದಲ್ಲೇ, ಉಳಿದಿದ್ದ ದಪ್ಪ ಅಲಗು ಹಾಕಿ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು, ಬಡಿದರೆ ಟಣ್ಣೆನ್ನುವವರೆಗೆ ಒಣಗಿಸಿದೆ. ಹಾಲುವಾಣದ ಮರದ ತುಂಡಿನಿಂದ ಬಿರಡೆ ಕೆತ್ತಿದೆ. ಹೂವು ಬಿಡಿಸಲು ನನಗೆ ಬರುವುದಿಲ್ಲ. ಕಾಯಿಸಿದ ಸಲಾಕೆಯಿಂದ ಸುಟ್ಟು ಗೆರೆ ಹಾಕಿದೆ. ಒಂದು ಗೆರೆ ಇದ್ದರೆ ದಪ್ಪ ಅಲಗು, ಗೆರೆ ಹೆಚ್ಚಿದಷ್ಟೂ ಅಲಗು ಸಪೂರ. ಕತ್ತಲಲ್ಲೂ ಬೆರಳಾಡಿಸಿ ಗುರುತು ಹಿಡಿಯಬಹುದು. ಅಡುಗೆಮನೆಯ ಒಲೆಯ ಬೆನ್ನಿಗಿದ್ದ ಚಾವಡಿಯ ಗೋಡೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಕೊಳವೆಗಳನ್ನು ಅಲ್ಲಿ ಸಾಲಾಗಿ ನೇತುಹಾಕಿದೆ.

ಮೈಸೂರಿನಿಂದ ಹೊಸ ಅಲಗು ಬಂದಾಗ ಇವರು ಅವನ್ನು ವಿಂಗಡಿಸಿ ಕೊಳವೆಗಳಿಗೆ ಇಳಿಸಿದರು. ಬಿರಡೆ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು.

"ದೊರೆ ಹತ್ರನೂ ಇಂಥದ್ದು ಇರಲಿಲ್ಲ ಕಣೆ," ಅಂದರು.

ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಆದರೆ ಖಾಲಿ ಸುರುಳಿ ಇನ್ನೂ ಹಳೆಯ ಮೊಳೆಯಲ್ಲೇ ಇತ್ತು. "ಅದೊಂದು ಯಾಕೆ ಅಲ್ಲಿ ಧೂಳು ಹಿಡಿಯೋಕೆ?" ಎಂದು ಗುಡಿಸುತ್ತ ಕೇಳಿದರೆ, "ಇರ್ಲಿ ಬಿಡು, ಯಾವುದಕ್ಕಾದರೂ ಆಗುತ್ತೆ" ಎನ್ನುವರು. ಯಾವುದಕ್ಕೆ ಆಗುತ್ತದೆ? ರಾತ್ರಿ ನಾನು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ, ಇವರು ಕಾರಣ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೋಡುತ್ತೇನೆ, ಮೊಳೆ ಖಾಲಿ. ಚಾವಡಿಯನ್ನೆಲ್ಲ ಕಣ್ಣಲ್ಲೇ ಜಾಲಾಡಿದೆ. ಎಲ್ಲೂ ಇಲ್ಲ. ನಾನು ಬಾಯಿ ಬಿಡಲಿಲ್ಲ. ಇವರೂ ಹೇಳಲಿಲ್ಲ. ಆ ಮೊಳೆಗೆ ನನ್ನ ಕೇರುವ ಮೊರವನ್ನು ನೇತುಹಾಕಿ, ದೂರ ನಿಂತು ನೋಡಿ ಸಂತೋಷಪಟ್ಟೆ. ಆ ಚಳಿಗಾಲವಿಡೀ ಇವರು ಬೀಟೆಯ ಹಲಗೆಯಲ್ಲಿ ಬಳ್ಳಿ ಕೊಯ್ದರು. ಕೊಳವೆಯಿಂದ ತೆಗೆದಾಗಲೆಲ್ಲ ಅಲಗುಗಳು ಮೈಸೂರಿನಿಂದ ಬಂದ ದಿನದಷ್ಟೇ ಹೊಳೆಯುತ್ತಿದ್ದವು. ಮುಂದಿನ ಮಳೆಗಾಲ ಕಳೆದರೂ ಒಂದಕ್ಕೂ ತುಕ್ಕು ಬರಲಿಲ್ಲ. ಎಲ್ಲರ ಬಳಿ ನನ್ನ ಕೊಳವೆಗಳ ಹೆಚ್ಚುಗಾರಿಕೆ ಹೇಳಿಕೊಂಡು ತಿರುಗಿದೆ.

ಆ ವರ್ಷದ ಸುಗ್ಗಿಯ ಹಬ್ಬ ಪುತ್ತರಿಗೆ ಅವಳು ಅಮ್ಮತ್ತಿಯಿಂದ ಬಂದಳು. ಒಳ್ಳೆಯವಳೇ. "ಅಕ್ಕ, ಅಕ್ಕ" ಎಂದು ನನ್ನ ಹಿಂದೆಯೇ ಓಡಾಡಿದಳು, ನನ್ನ ಕೈಯಿಂದ ಒಬ್ಬಟ್ಟಿನ ಹಿಟ್ಟು ಕಸಿದು ತಾನೇ ತಟ್ಟಿದಳು. ಸಿಡುಕಲು ಒಂದು ನೆಪವನ್ನೂ ಕೊಡಲಿಲ್ಲ, ಅದೇ ನನಗೆ ಇನ್ನೂ ಕಷ್ಟ. ಸಂಜೆ ಚಾವಡಿಗೆ ಹೋದವಳು ಮೊರ ನೇತಾಡುತ್ತಿದ್ದ ಮೊಳೆ ನೋಡಿದಳು. ಕಾಫಿಗೆ ಕರೆಯಲು ಬಂದ ನಾನು ಬಾಗಿಲಲ್ಲೇ ನಿಂತೆ. ಇದಕ್ಕಾಗಿಯೇ ಕಾದಿದ್ದೆ.

"ಭಾವ, ನಾನು ಹೊಲ್ದು ಕೊಟ್ಟಿದ್ದು ಎಲ್ಲಿ?"

"ಇಲ್ಲೇ ಇದೆಯಲ್ಲ," ಅಂದರು ಇವರು. ಎಲ್ಲಕ್ಕಿಂತ ಹೆಚ್ಚು ಗೆರೆಗಳಿದ್ದ ಕೊಳವೆ ಇಳಿಸಿ, ಬಿರಡೆ ತೆಗೆದು, ಅಲಗುಗಳನ್ನು ಅಂಗೈಗೆ ಸುರಿದುಕೊಂಡು, ಬರಿದಾದ ಕೊಳವೆಯನ್ನು ಅವಳಿಗೆ ಕೊಟ್ಟರು. "ತಳ ನೋಡು. ನಿನ್ನ ಬಟ್ಟೆ ಒಂದೊಂದು ಹೂವಾಗಿ ಕತ್ತರಿಸಿ, ಕೋವಿ ಎಣ್ಣೆಲಿ ಅದ್ದಿ, ಎಲ್ಲದರ ತಳಕ್ಕೂ ತುರುಕಿದೀನಿ. ಬರೀ ಬಿದಿರಲ್ಲಿ ಇದ್ದಿದ್ರೆ ಈ ಮಳೆಗೆ ಉಳೀತಿತ್ತಾ?"

ಅವಳು ಒಂದು ಕಣ್ಣು ಮುಚ್ಚಿ ಕೊಳವೆಯನ್ನು ಬೆಳಕಿಗೆ ಹಿಡಿದಳು. ಮುಖ ಅರಳಿತು. "ಹೌದು ಅಕ್ಕ, ನನ್ನ ಹಸಿರು ಹೂವು. ನೋಡಿ ಬೇಕಾದ್ರೆ," ಎಂದು ನನ್ನ ಕೈಗೆ ಕೊಟ್ಟಳು.

ನೋಡಿದೆ. ಎಣ್ಣೆ ಕುಡಿದು ಕಪ್ಪಾಗಿದ್ದರೂ ಹೂವು ಹೂವೇ. ಅಲ್ಲಿಯವರೆಗೆ ಅವಳು ಒಂದು ಮೊಳೆಯಲ್ಲಿದ್ದಳು. ಈಗ ನಾನು ಕೊಯ್ದ, ನಾನು ಒಣಗಿಸಿದ, ನಾನು ಗೆರೆ ಸುಟ್ಟ ಒಂದೊಂದು ಕೊಳವೆಯ ತಳದಲ್ಲೂ ಬೆಚ್ಚಗೆ ಕೂತಿದ್ದಳು. ಅವರಿಬ್ಬರೂ ಕಾಫಿಗೆ ಒಳಗೆ ಹೋದ ಮೇಲೆ ನಾನು ಕಿರುಬೆರಳು ಹಾಕಿ ಅದನ್ನು ಕೆದಕಿ ತೆಗೆಯಲು ನೋಡಿದೆ. ತಳದವರೆಗೆ ಬೆರಳು ಮುಟ್ಟಲಿಲ್ಲ; ಕೊಳವೆಯನ್ನು ಅಷ್ಟು ಉದ್ದವಾಗಿ ಕೊಯ್ದವಳು ನಾನೇ.