ತೆಲುಗಿನಲ್ಲಿ ಹೇಳಿದ ಪಾಠ

ನಮ್ಮ ಪಕ್ಕದ ಮನೆಯ ಗಂಗುಲಮ್ಮ ಕುಡುಮಲಕುಂಟೆಯ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ ಮಾಡುತ್ತಾರೆ. ಹೊಲಿದು ಬಂದ ಅಂಗಿಯನ್ನು ಒಳಮಗ್ಗುಲಾಗಿ ತಿರುವಿ, ಹೊಲಿಗೆಯ ಮೇಲೆ ಬೆರಳಾಡಿಸಿ, ದಾರ ಬಿಟ್ಟ ಕಡೆ ಗುರುತು ಹಾಕಿ ವಾಪಸು ಕಳಿಸುವುದು ಅವರ ಕೆಲಸ. ಮನೆಮಾತು ತೆಲುಗು. ಓದಿದ್ದು ಮೂರನೇ ಕ್ಲಾಸು.

ಮಗಳು ತನುಜ ಎಸ್ಸೆಸ್ಸೆಲ್ಸಿ. ಎಲ್ಲವನ್ನೂ ಬಾಯಿಪಾಠ ಮಾಡುತ್ತಿದ್ದಳು, ವಾರ ಕಳೆದರೆ ಮರೆಯುತ್ತಿದ್ದಳು. ಜನವರಿಯಲ್ಲಿ ಒಂದು ಸಂಜೆ ತನ್ನ ಕೈಲಾಗದು ಎಂದು ಪುಸ್ತಕ ಮುಚ್ಚಿಟ್ಟಳು. ಗಂಗುಲಮ್ಮ ಬೈಯಲಿಲ್ಲ. ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು, ದಿನಾ ಒಂದು ಪಾಠ ತನಗೆ ತೆಲುಗಿನಲ್ಲಿ ಹೇಳಿದರೆ ಸಾಕು ಎಂದರು.

ಪುಸ್ತಕದ ಮಾತು ತೆಲುಗಿಗೆ ಸುಲಭವಾಗಿ ಬರಲಿಲ್ಲ. ದ್ಯುತಿಸಂಶ್ಲೇಷಣೆ ಎಂದು ಉರು ಹೊಡೆದವಳು ಮೂರು ಸಂಜೆ ಒದ್ದಾಡಿದಳು. ನಾಲ್ಕನೆಯ ಸಂಜೆ, ಎಲೆ ಬಿಸಿಲಲ್ಲಿ ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತದೆ ಎಂದು ಅವಳು ತೆಲುಗಿನಲ್ಲಿ ಹೇಳಿದ್ದು ಗೋಡೆಯಾಚೆ ನನಗೂ ಕೇಳಿಸಿತು. ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಸ್ವಲ್ಪ ಹೊಟ್ಟೆಯುರಿಯೇ ಆಯಿತು. ಗಂಗುಲಮ್ಮ ಕಾಳು ಹಿತುಕುತ್ತಾ ಕೇಳುತ್ತಿದ್ದರು. ನಡುವೆ ಕೈ ನಿಲ್ಲಿಸಿ, “ಮಳ್ಳಿ ಚದುವು,” ಇನ್ನೊಮ್ಮೆ ಓದು, ಎನ್ನುತ್ತಿದ್ದರು. ಅವರು ಹಾಗೆಂದ ಕಡೆ ತಪ್ಪು ಇದ್ದೇ ಇರುತ್ತಿತ್ತು.

ಪರೀಕ್ಷೆ ಮುಗಿದ ದಿನ ತಡೆಯಲಾರದೆ ಕೇಳಿದೆ. “ಗಂಗುಲಮ್ಮ, ಸೈನ್ಸು ಎಲ್ಲಿ ಕಲಿತ್ರಿ?”

“ನಂಗೇನ್ ಗೊತ್ತು ಮೇಷ್ಟ್ರೇ, ಅದ್ರಲ್ಲಿ ಒಂದಕ್ಷರಾನೂ ತಿಳೀಲಿಲ್ಲ. ಅವಳ ಮಾತು ಎಲ್ಲಿ ತಡವರಿಸ್ತೋ, ಅಲ್ಲಿ ದಾರ ಬಿಟ್ಟಿದೆ ಅಂದ್ಕೊಂಡು ವಾಪಸ್ ಕಳಿಸ್ದೆ.”