ದುರ್ಗಪ್ಪ ಇಳಿದ ಗುಂಡಿ

ಚಿಗಳ್ಳಿಯ ದುರ್ಗಪ್ಪನಷ್ಟು ಮಣ್ಣು ಬಲ್ಲವರು ಆ ಕಾಲದಲ್ಲಿ ಮುಂಡಗೋಡ ಸೀಮೆಯಲ್ಲಿ ಇರಲಿಲ್ಲ. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಪುಡಿಮಾಡಿ, ಮೂಸಿ, ಈ ಹೊಲಕ್ಕೆ ಸೆಣಬು ಬಿತ್ತಿ ಹಸಿರಿರುವಾಗಲೇ ಉತ್ತು ಮುಚ್ಚಬೇಕೋ, ಕೆರೆಯ ಹೂಳು ಹೇರಬೇಕೋ ಎಂದು ಹೇಳಿಬಿಡುತ್ತಿದ್ದ. ಪಾಳಾ ಊರಿನವರು ಕೂಡ ಬಂಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಆದರೆ ಅದೇ ಮಣ್ಣಿಗೆ ಅವನು ಎಷ್ಟು ಅಂಜುತ್ತಾನೆ ಎಂಬುದು ಹೆಂಡತಿ ಗುರುಬಸವ್ವನೊಬ್ಬಳಿಗೇ ಗೊತ್ತಿತ್ತು. ನನಗೆ ಇದನ್ನೆಲ್ಲ ಹೇಳಿದವಳೂ ಅವಳೇ.

ಇಪ್ಪತ್ತರ ವಯಸ್ಸಿನಲ್ಲಿ ಅವನು ಅಣ್ಣ ಪರಸಪ್ಪನ ಜೊತೆ ಬಾವಿ ತೋಡುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ಮಧ್ಯಾಹ್ನ ಅಣ್ಣನ ಜೊತೆ ಬಾವಿಯ ತಳದಲ್ಲಿ ನಿಂತಿದ್ದಾಗ ಅವನ ಕುತ್ತಿಗೆಯ ಮೇಲೆ ಸಾಸಿವೆಯಷ್ಟು ಸಣ್ಣ ಮಣ್ಣಿನ ಹರಳುಗಳು ಉದುರಿದವು. ತಲೆಯೆತ್ತಿ ನೋಡಿದರೆ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು. ಹಿಂದಿನ ವಾರ ಹೀಗೇ ಏನೋ ಕಂಡು ಕೂಗಿದಾಗ ಜೊತೆಯವರೆಲ್ಲ ನಕ್ಕು ಗೇಲಿ ಮಾಡಿದ್ದರು. ಅದನ್ನು ನೆನೆದು ಅವನು ಬಾಯಿ ಬಿಡಲಿಲ್ಲ. ನೀರು ಕುಡಿದು ಬರುತ್ತೇನೆಂದು ಹಗ್ಗ ಹಿಡಿದು ಮೇಲೆ ಬಂದ. ತಂಬಿಗೆ ಬಾಯಿಗೆ ಹಚ್ಚುವುದರೊಳಗೆ ಕೆಳಗೆ ಬಾವಿ ಮುಚ್ಚಿಹೋಯಿತು. ಪರಸಪ್ಪನನ್ನು ಹೊರತೆಗೆಯಲು ಎರಡು ದಿನ ಬೇಕಾಯಿತು.

ಆಮೇಲೆ ದುರ್ಗಪ್ಪ ಸೊಂಟಕ್ಕಿಂತ ಆಳವಾದ ಯಾವ ಗುಂಡಿಗೂ ಇಳಿಯಲಿಲ್ಲ. ಕಾಳು ತುಂಬಿಡುವ ನೆಲದೊಳಗಿನ ಹಗೇವಿಗೆ ಇಳಿಯಬೇಕಾದಾಗ ಮೊಣಕಾಲು ನೋವೆನ್ನುತ್ತಿದ್ದ. ಹೊಲದ ಮೇಲ್ಮೈಯಲ್ಲಿ, ತಿಪ್ಪೆಯ ಬದಿಯಲ್ಲಿ, ಬಿಸಿಲಲ್ಲಿ ಮಾಡುವ ಕೆಲಸವನ್ನೇ ಹಿಡಿದ.

ಊರಿನ ಹಿರಿಯ ಮಹಾಂತಪ್ಪನ ಹೊಲ ಅವನ ಕೈಯಲ್ಲೇ ಸುಧಾರಿಸಿದ್ದು. ಕೆರೆಯ ಕೆಳಗಿನ ಆ ಹೊಲ ಸುಟ್ಟ ಇಟ್ಟಂಗಿಯ ಹಾಗೆ ಗಟ್ಟಿಯಾಗಿ ಬೆಳೆ ಕೊಡುವುದನ್ನೇ ಬಿಟ್ಟಿತ್ತು. ದುರ್ಗಪ್ಪ ಆರು ವರ್ಷ ಸೆಣಬು, ಹೂಳು, ತಿಪ್ಪೆ ಗೊಬ್ಬರ ಹಾಕಿಸಿ, ಒಡ್ಡು ಕಟ್ಟಿಸಿ ಅದಕ್ಕೆ ಮತ್ತೆ ಜೀವ ಬರಿಸಿದ. ಆ ಸಂತೋಷಕ್ಕೆ ಮಹಾಂತಪ್ಪ, ಅರವತ್ತಮೂರನೆಯ ಇಸವಿಯಲ್ಲಿ ಭತ್ತದ ಸುಗ್ಗಿ ಮುಗಿದ ಮೇಲೆ, ಸುತ್ತಲ ಏಳು ಹಳ್ಳಿಯವರನ್ನು ಕರೆದು ಮಣ್ಣಿನ ಕೂಟ ಮಾಡೋಣವೆಂದ. ಪ್ರತಿಯೊಬ್ಬರೂ ತಮ್ಮ ಹೊಲದ ಮಣ್ಣನ್ನು ಬುಟ್ಟಿಯಲ್ಲಿ ತರಬೇಕು, ನೋಡಬೇಕು, ಮಾತಾಡಬೇಕು, ಕೂಡಿ ಉಣ್ಣಬೇಕು.

"ಒಡ್ಡಿನ ಬಾಜೂಕ ಒಂದೂವರಿ ಆಳುದ್ದ ಗುಂಡಿ ತಗಿಸ್ತೇನಿ," ಎಂದ ಮಹಾಂತಪ್ಪ. "ಒಂದು ಕಡೆ ನಮ್ಮ ಹೊಲ, ಇನ್ನೊಂದು ಕಡೆ ಬಂಜರ ಬಿದ್ದಿದ್ದು. ಕರಿಮಣ್ಣು ಎಲ್ಲಿ ಮಟ ಇಳದೈತಿ ಅಂತ ಮಂದಿ ಕಣ್ಣಾರೆ ನೋಡ್ಲಿ. ನೀ ಒಳಗ ನಿಂತು ತೋರಸ್ಬೇಕು, ದುರ್ಗ್ಯಾ."

ದುರ್ಗಪ್ಪ ಆಗಲಿ ಎಂದ. ಮನೆಗೆ ಬಂದು ಊಟ ಬಿಟ್ಟ.

"ಮೊಣಕಾಲು ನೋವು ಅಂತ ಹೇಳ್ರಿ," ಎಂದಳು ಗುರುಬಸವ್ವ.

"ಏಳು ಊರಿನ ಮಂದಿ ಬರ್ತಾರ. ಏನಂತ ಹೇಳಲಿ?"

ಕೂಟದ ದಿನ ಬೆಳಗ್ಗೆ ಹೋಗಿ ನೋಡಿದರೆ ಗುಂಡಿಯಲ್ಲಿ ಕೆರೆಯ ಬಸಿನೀರು ನಿಂತಿತ್ತು. ಮುಂಡಗೋಡದಿಂದ ಯೂಸುಫನನ್ನು ಕರೆಸಿದ್ದರು. ಎಂಜಿನ್ನು ರಿಪೇರಿ ಮಾಡುವ ಚುರುಕಿನ ಮನುಷ್ಯ. ಬಂಡಿಯ ಮೇಲೆ ತಂದ ಡೀಸೆಲ್ ಎಂಜಿನ್ನನ್ನು ಗುಂಡಿಯ ಅಂಚಿನಲ್ಲೇ ಇಳಿಸಿ, ಪೈಪು ಬಿಟ್ಟು ನೀರೆಳೆಯತೊಡಗಿದ್ದ. ಎಂಜಿನ್ನಿನ ಹೊಡೆತಕ್ಕೆ ನೆಲ ಅದುರುತ್ತಿತ್ತು. ಆ ನಡುಕ ಅಂಗಾಲಿಗೆ ತಾಗಿದ ಕೂಡಲೇ ದುರ್ಗಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ.

ಹೊತ್ತೇರುವಷ್ಟರಲ್ಲಿ ಜನ ತುಂಬಿದರು. ಕೆಂಪು, ಬೂದಿ, ಕಪ್ಪು ಮಣ್ಣಿನ ಬುಟ್ಟಿಗಳು ಸಾಲಾಗಿ ಕುಳಿತವು. ಹೆಂಗಸರು ಬುತ್ತಿಯ ಗಂಟುಗಳನ್ನು ಮರದ ನೆರಳಲ್ಲಿಟ್ಟರು. ಗುಂಡಿಯ ಸುತ್ತ ಜನ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನಿಂತರು. ದುರ್ಗಪ್ಪ ಏಣಿಯಲ್ಲಿ ಇಳಿದ. ಮೆಟ್ಟಿಲು ಸಿಗದೆ ಎರಡು ಸಲ ಕಾಲು ಜಾರಿತು.

"ಇಲ್ಲಿ ನೋಡ್ರಿ," ಎಂದು ಗೋಡೆಗೆ ಕೈ ಹಚ್ಚಿದ. ಒಂದು ಬದಿಗೆ ಮೊಳದುದ್ದ ಕರಿಮಣ್ಣು, ಅದರ ತುಂಬ ಬೇರು, ಎರೆಹುಳದ ತೂತು. ಇನ್ನೊಂದು ಬದಿಗೆ ನಾಲ್ಕು ಬೆರಳು ಬೂದಿ ಮಣ್ಣು, ಕೆಳಗೆಲ್ಲ ಕಲ್ಲು. ಮೇಲಿದ್ದವರು ಭಲೇ ಎಂದರು. ಅವನು ಇನ್ನೊಂದು ಮಾತಾಡಲು ಬಾಯಿ ತೆರೆದ. ಆಗ ಕುತ್ತಿಗೆಯ ಮೇಲೆ ಏನೋ ಉದುರಿತು.

ಮುಟ್ಟಿ ನೋಡಿಕೊಂಡ. ಮಣ್ಣಿನ ಹರಳು. ಎಂಜಿನ್ನಿನ ಕೆಳಗೆ ಗೋಡೆಯಲ್ಲಿ ಒದ್ದೆ ಗೆರೆಯೊಂದು ಮೂಡಿತ್ತು. ನೋಡುತ್ತಿದ್ದ ಹಾಗೆ ಅದು ಉದ್ದವಾಯಿತು.

ಏಣಿ ಹತ್ತಿ ಮೇಲೆ ಬಂದದ್ದು ಅವನಿಗೆ ನೆನಪಿಲ್ಲ. ಯಾರೋ, "ಏನೋ ದುರ್ಗ್ಯಾ, ಹಾವು ಕಂಡ್ಯೇನು?" ಎಂದಾಗ ಎಲ್ಲರೂ ನಕ್ಕರು.

"ಎಂಜಿನ್ ಬಂದ್ ಮಾಡಸ್ರಿ. ಮಂದೀನ ಹಿಂದಕ್ಕ ಸರಸ್ರಿ," ಎಂದು ಮಹಾಂತಪ್ಪನ ಕಿವಿಯಲ್ಲಿ ಹೇಳಿದ.

"ಈಗರೇ ಸುರು ಆಗೇತಿ. ಸುಮ್ಮನ ಇಳಿ. ನನ್ನ ಮರ್ಯಾದಿ ಕಳೀಬ್ಯಾಡ."

ದುರ್ಗಪ್ಪ ಜನರ ಮುಖ ನೋಡಿದ. ನಗು ಇನ್ನೂ ನಿಂತಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅವನ ಗಂಟಲಿನಿಂದ ಅವನಿಗೇ ಗುರುತಿಲ್ಲದ ದನಿ ಹೊರಬಿತ್ತು.

"ಸರೀರಿ! ಗ್ವಾಡಿ ಬೀಳತೈತಿ! ಎಲ್ಲಾರೂ ಹಿಂದಕ್ಕ ಸರೀರಿ! ನನಗ ಅಂಜಿಕಿ ಅನ್ರಿ, ಹುಚ್ಚ ಅನ್ರಿ, ಸರೀರಿ!"

ಗುರುಬಸವ್ವ ಓಡಿ ಬಂದು ಅಂಚಿನಲ್ಲಿದ್ದ ಹೆಂಗಸರನ್ನು ರಟ್ಟೆ ಹಿಡಿದೆಳೆದಳು. ಕೆಲವರು ಗೊಣಗುತ್ತ, ಕೆಲವರು ನಗುತ್ತ ಹಿಂದೆ ಸರಿದರು. ಯೂಸುಫ ಎಂಜಿನ್ನು ನಿಲ್ಲಿಸಿದ. ಆದರೆ ಪೈಪಿನ ಬಾಯಿ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು.

"ಒಂದ ಮಿನಿಟು ಕಾಕಾ, ಪೈಪು ಬಿಡಿಸ್ಕೊಂಡು ಬಂದೆ," ಎಂದವನೇ ಏಣಿಯಿಳಿದ.

"ಬ್ಯಾಡೋ ಯೂಸುಫ!"

ಸದ್ದೇನೂ ದೊಡ್ಡದಾಗಲಿಲ್ಲ. ಮೂಟೆ ಇಳಿಸಿದಂತೆ ಒಂದು ಸಲ ದಪ್ಪೆಂದಿತು, ಅಷ್ಟೆ. ಗುಂಡಿಯ ಆ ಬದಿ ಇರಲಿಲ್ಲ. ಯೂಸುಫ ಎದೆಯವರೆಗೆ ಹೂತಿದ್ದ. ಒಂದು ಕೈ ಮಾತ್ರ ಮೇಲಿತ್ತು. ಅವನ ತಲೆಯ ಮೇಲೆ, ಅರ್ಧ ಅಂಚು ಕುಸಿದ ನೆಲದಲ್ಲಿ, ಎಂಜಿನ್ನು ವಾಲಿ ನಿಂತಿತ್ತು.

ದುರ್ಗಪ್ಪ ತಿರುಗಿ ನೋಡಿದ. ನಾಲ್ಕು ಜನ ಸಲಿಕೆ ಹಿಡಿದು ಅಂಚಿಗೆ ಓಡುವುದು ಕಂಡಿತು. ಅವರ ಭಾರಕ್ಕೆ ಉಳಿದದ್ದೂ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಲ್ಲಿ ಅದು ಗೊತ್ತಿದ್ದವನು ಅವನೊಬ್ಬನೇ.

"ನಿಲ್ರಿ! ಸಲಿಕಿ ಬ್ಯಾಡ! ಹಗ್ಗ ಹಾಕಿ ಮೊದಲ ಎಂಜಿನ್ ಹಿಂದಕ್ಕ ಜಗ್ರಿ. ಬಂಡಿ ಹಲಗಿ ತಂದು ಅಂಚಿಗೆ ಹಾಸ್ರಿ!"

ಎಂಜಿನ್ನು ಸರಿಯಿತು, ಹಲಗೆ ಬಂತು. ಒಳಗೆ ಯಾರು ಇಳಿಯಬೇಕೆಂದು ಯಾರೂ ಕೇಳಲಿಲ್ಲ. ದುರ್ಗಪ್ಪ ಗಟ್ಟಿಯಿದ್ದ ಬದಿಯಿಂದ ಇಳಿದ. ಹಲ್ಲು ಕಟಕಟ ಬಡಿಯುತ್ತಿದ್ದವು, ಧೋತರ ಒದ್ದೆಯಾಗಿತ್ತು. ಜನರ ಮಣ್ಣಿನ ಬುಟ್ಟಿಗಳನ್ನೇ ಬರಿದು ಮಾಡಿ ಕೆಳಗೆ ಬಿಟ್ಟರು. ಅವನು ಬರಿಗೈಯಿಂದ ಬಗೆದು ತುಂಬಿದ, ಮೇಲಿನವರು ಎಳೆದರು.

"ಜಗ್ಗಬ್ಯಾಡ್ರಿ ಅವನ್ನ. ಎದಿ ಬಿಡಸ್ತೇನಿ ಮೊದಲ. ಯೂಸುಫ, ಸಣ್ಣಗೆ ಉಸುರು ತಗೋ. ಮಾತಾಡ್ಬ್ಯಾಡ."

"ಕಾಕಾ, ನೀ ಹೋಗಬ್ಯಾಡ."

"ಎಲ್ಲಿಗೆ ಹೋಗ್ಲೋ? ಇಲ್ಲೇ ಅದೇನಿ."

ಇನ್ನೊಂದು ಸಲ ಮಣ್ಣು ಉದುರಿತು. ಮೇಲಿದ್ದವರು ಕಿರುಚಿದರು. ದುರ್ಗಪ್ಪ ಕಣ್ಣು ಮುಚ್ಚಿದ, ಆದರೆ ಕೈ ನಿಲ್ಲಿಸಲಿಲ್ಲ. ಸೂರ್ಯ ನೆತ್ತಿಗೆ ಬಂದಾಗ ಯೂಸುಫನನ್ನು ಕಂಬಳಿಯಲ್ಲಿ ಎತ್ತಿದರು. ಮೂರು ಪಕ್ಕೆಲುಬು, ಒಂದು ಕಾಲು ಮುರಿದಿದ್ದವು. ಬಂಡಿಯಲ್ಲಿ ಹುಲ್ಲು ಹಾಸಿ ಮುಂಡಗೋಡದ ಆಸ್ಪತ್ರೆಗೆ ಒಯ್ದರು. ಅಲ್ಲಿ ಯೂಸುಫನ ಹೆಂಡತಿ ಸಕೀನಾ, ಜೊತೆಗೆ ಹೋಗಿದ್ದ ದುರ್ಗಪ್ಪನ ಉಗುರು ಕಿತ್ತುಹೋದ ಬೆರಳುಗಳನ್ನು ಹಿಡಿದು ಏನೇನೋ ಹೇಳುತ್ತ ಅತ್ತಳು. ಅವನಿಗೆ ಅವಳು ಹೇಳಿದ್ದು ಕೇಳಿಸಿರಲೇ ಇಲ್ಲವಂತೆ.

ಯೂಸುಫ ನಾಲ್ಕು ತಿಂಗಳಿಗೆ ಎದ್ದು ಓಡಾಡಿದ. ಮಹಾಂತಪ್ಪ ದುರ್ಗಪ್ಪನ ಮನೆಗೆ ಬಂದು, "ನಂದ ತಪ್ಪು. ನಿನ್ನ ಮಾತು ಕೇಳಬೇಕಾಗಿತ್ತು," ಎಂದ. ಇನ್ನು ಕೂಟವೇ ಬೇಡವೆಂದೂ ಹೇಳಿದ. ಬೇಕು ಎಂದವನು ದುರ್ಗಪ್ಪ.

"ಮಂದಿ ಮಣ್ಣು ನೋಡ್ಲಿ ಬಿಡ್ರಿ. ಮೊಣಕಾಲ ಮಟ ತಗದ್ರ ಸಾಕು. ಜೀವ ಇರೂದು ಅಷ್ಟರಾಗ."

ಮುಂದೆ ಎಂಟು ವರ್ಷ ಕೂಟ ನಡೆಯಿತು. ಅವನ ಅಂಜಿಕೆ ಹೋಯಿತೇ ಎಂದು ಗುರುಬಸವ್ವನನ್ನು ಕೇಳಿದೆ.

"ಎಲ್ಲಿ ಹೋಗ್ತದಪ್ಪಾ? ಮೊಣಕಾಲುದ್ದ ಗುಂಡಿ ತಗದ್ರೂ ಅದನ್ನ ತಿರುಗಿ ಮುಚ್ಚೂ ಮಟ ಉಣ್ತಿರಲಿಲ್ಲ. ಆದರ ಆಮ್ಯಾಲ ಎಲ್ಲಾರ ಮುಂದನೂ ಹೇಳ್ತಿದ್ರು, ನನಗ ಅಂಜಿಕಿ ಅಂತ. ಯಾರೂ ನಗ್ತಿರಲಿಲ್ಲ."