ಹಿಂಬದಿ ಮೆಟ್ಟಿಲಿನ ಮನೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಅನುಮಾನದಕ್ಕ ಅನ್ನುತ್ತಿದ್ದರು. ಪಕ್ಕದ ಮೇಜಿನವಳಾದ ನಾನು ಎದುರಿಗೇ ಅನ್ನುತ್ತಿದ್ದೆ. ಗುಪ್ತಚರ ಇಲಾಖೆಗೆ ಬರುವ ಸುದ್ದಿಯೆಂದರೆ ಅಂತೆ ಕಂತೆಗಳ ಸಂತೆ; ಅದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಹೇಳುವುದು ನಮ್ಮ ಕೆಲಸ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ಅವಳಷ್ಟು ಹಟದಿಂದ ಪಾಲಿಸಿದವರನ್ನು ನಾನು ಕಾಣೆ. ಪ್ರತಿ ವರದಿಗೂ ಅವಳದು ಒಂದೇ ಪ್ರಶ್ನೆ: ಇವನಿಗೆ ಇದನ್ನು ಹೇಳಿದ್ದು ಯಾರು?

ಒಮ್ಮೆ ಮಾತ್ರ ಕೇಳಲಿಲ್ಲ.

ಬಂದರಿನ ಹಿಂದಿನ ಓಣಿಯ ಮನೆಯೊಂದರಲ್ಲಿ ಸಿಡಿಮದ್ದು ಅಡಗಿಸಿದ್ದಾರೆಂದು ಅವಳಿಗೆ ಗುಮಾನಿಯಿತ್ತು. ಇದು ಊಹೆ ಎಂದು ಬರೆದೇ ಬೇರೆ ಕಚೇರಿಗಳಿಗೂ ಕಳಿಸಿದ್ದಳು. ಕೆಲವು ತಿಂಗಳ ಮೇಲೆ ಅಂಥದೊಂದು ಕಚೇರಿಯಿಂದ ಅದೇ ಮನೆಯ ಬಗ್ಗೆ ವರದಿ ಬಂತು. ಎರಡು ಕಡೆಯಿಂದ ಒಂದೇ ಮಾತು ಬಂದಮೇಲೆ ಇನ್ನೇನು ಬೇಕು? ಖಚಿತ ಎಂದು ಸಹಿ ಹಾಕಿದಳು. ದಾಳಿಗೆ ಹೊರಟ ತಂಡದ ಮುಂದಾಳು ಅವಳ ಒಡಹುಟ್ಟಿದ ತಮ್ಮ. ಒಳಗೆ ಯಾರಾದರೂ ಅಲುಗಾಡಿದರೆ ಗುಂಡು ಹಾರಿಸಿ ಎಂಬ ಆದೇಶವಿತ್ತು.

ಅಂದು ಬೆಳಿಗ್ಗೆ ನಾವಿಬ್ಬರೂ ಫೋನಿನ ಮುಂದೆ ಕೂತಿದ್ದೆವು. ಕೈ ಸುಮ್ಮನಿರದೆ ಅವಳು ಆ ವರದಿಯನ್ನು ಮತ್ತೆ ತಿರುವಿದಳು. ಮನೆಯ ಹಿಂಬದಿಗೆ ಕಬ್ಬಿಣದ ಮೆಟ್ಟಿಲಿದೆ ಎಂದಿತ್ತು. ಆ ಸಾಲಿನ ಮೇಲೆ ಅವಳ ಬೆರಳು ನಿಂತಿತು. ಅಲ್ಲಿ ಮೆಟ್ಟಿಲೇ ಇರಲಿಲ್ಲ. ಹಳೇ ಫೋಟೋದಲ್ಲಿ ಗೋಡೆಗೆ ಬಿದ್ದ ನೆರಳನ್ನು ತನ್ನ ಊಹೆಯ ಟಿಪ್ಪಣಿಯಲ್ಲಿ ಮೆಟ್ಟಿಲೆಂದು ತಪ್ಪಾಗಿ ಬರೆದವಳು ಅವಳೇ. ನೆರಳೆಂದು ತಿಳಿದದ್ದು ಅದನ್ನು ಕಳಿಸಿಯಾದ ಮೇಲೆ. ಅವಳ ಊಹೆಯೇ ಊರೆಲ್ಲ ಸುತ್ತಿ, ಸಾಕ್ಷಿಯ ವೇಷ ಹಾಕಿ ಮನೆಗೆ ಬಂದಿತ್ತು.

ಸಾಹೇಬರಿಗೆ ಫೋನ್ ಮಾಡಿದಳು. "ಸರ್, ತಂಡನ ನಿಲ್ಲಿಸಿ. ಆ ಎರಡನೇ ವರದಿ ಬೇರೆ ಯಾರದ್ದೂ ಅಲ್ಲ, ನಂದೇ."

ಸಾಹೇಬರು ಕಿಡಿಕಿಡಿಯಾದರು. ಮುಖ್ಯಸ್ಥೆಯ ಕುರ್ಚಿ ಇನ್ನೇನು ನಿಮ್ಮದೇ ಆಗುವುದಿತ್ತು, ನೆನಪಿರಲಿ ಎಂದರು. ತಮ್ಮನ ಜೀವದ ಆಸೆಗೆ ಹೀಗೆ ಹೇಳುತ್ತಿದ್ದೀರಾ ಎಂದೂ ಕೇಳಿದರು. ಕುರ್ಚಿ ಹಾಳಾಗಿಹೋಗಲಿ, ಮೊದಲು ನಿಲ್ಲಿಸಿ ಎಂದಳು. ಅವರು ಫೋನ್ ಕುಕ್ಕಿದರು. ನಿಲ್ಲಿಸಿದರೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ನನಗೆ ಅವಳ ಮೇಲೆ ಕೆಂಡದಂಥ ಕೋಪ ಬಂದಿತ್ತು. ಆದರೂ ಅವಳ ಕೈ ಹಿಡಿದುಕೊಂಡೇ ಕೂತೆ.

ಕೊನೆಗೆ ಫೋನ್ ಬಂದದ್ದು ತಮ್ಮನದು.

"ಅಕ್ಕಾ, ಬಾಗಿಲು ಒದೆಯೋಕೆ ಕಾಲು ಎತ್ತಿದ್ದೆ. ಅಷ್ಟರಲ್ಲಿ ಸಾಹೇಬ್ರು ನಿಲ್ಲಿ ಅಂತ ಹೇಳಿದ್ರು. ಒಳಗಿಂದ ಒಂದು ಮಗು, ಹಾಲಿನವರು ಬಂದ್ರು ಅಂತ ಬಾಗಿಲಿಗೇ ಓಡಿ ಬರ್ತಿತ್ತು."

ಅಲ್ಲಿದ್ದದ್ದು ಒಬ್ಬ ದರ್ಜಿಯ ಸಂಸಾರ, ಅಷ್ಟೇ.

ಕುರ್ಚಿ ಬೇರೆಯವರ ಪಾಲಾಯಿತು. ಅವಳು ಕಾಲೇಜಿಗೆ ಹೋಗಿ ಭದ್ರತಾ ಶಾಸ್ತ್ರ ಕಲಿಸತೊಡಗಿದಳು, ದೊಡ್ಡ ವಿದ್ವಾಂಸೆ ಎನ್ನಿಸಿಕೊಂಡಳು. ಪ್ರತಿ ವರ್ಷ ಮೊದಲ ಪಾಠದಲ್ಲಿ ಆ ಫೋಟೋ ತೋರಿಸಿ ಏನು ಕಾಣುತ್ತದೆ ಎನ್ನುತ್ತಾಳೆ. ಎಲ್ಲರೂ ಮೆಟ್ಟಿಲು ಎನ್ನುತ್ತಾರೆ. ತಪ್ಪು ತನ್ನದೇ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಆ ಮಗುವಿನ ಮಾತನ್ನು ಮಾತ್ರ ಅವಳಿಗೆ ಇವತ್ತಿಗೂ ಹೇಳಲಾಗಿಲ್ಲ.